ಹಾಡನ್ನು ಹಿಡಿದಿಟ್ಟ ಅಭಿಮಾನಿಗಳು

ಸಂಗೀತವನ್ನು ಕೇಳಲು ಹೋದವರು ತಲೆದೂಗುವುದನ್ನೂ ತೊಡೆಯ ಮೇಲೆ ತಾಳ ಹಾಕುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ಆದರೆ ಉದ್ದನೆಯ ಕೋಲಿನ ತುದಿಗೆ ಮೈಕ್ರೊಫೋನನ್ನು ಕಟ್ಟಿ ಎತ್ತಿ ನಿಲ್ಲಿಸಿ, ಪಕ್ಕದವರು ಪಿಸುಗುಟ್ಟಿದರೂ ಕಣ್ಸನ್ನೆಯಿಂದ ಗದರಿಸುತ್ತ, ಕಾಲ ಬಳಿಯ ಯಂತ್ರದ ಮುಳ್ಳಿನ ಮೇಲೆಯೇ ದೃಷ್ಟಿ ನೆಟ್ಟು ಗಂಟೆಗಟ್ಟಲೆ ನಿಲ್ಲುವ ರಸಿಕರೂ ಇದ್ದರು. ಅಮೆರಿಕದ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ವಾದ್ಯತಂಡದ ಕಚೇರಿಗಳಲ್ಲಿ ಇಂಥವರ ಸಂಖ್ಯೆ ಎಷ್ಟಾಯಿತೆಂದರೆ, 1984ರಲ್ಲಿ ಆ ತಂಡವು ಅವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಸ್ಥಳವನ್ನು ಗೊತ್ತುಮಾಡಿತು.

ಈ ತಂಡವು 1965ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿತು. ಅದರ ಪ್ರಮುಖ ಗಿಟಾರ್ ವಾದಕ ಜೆರ್ರಿ ಗಾರ್ಸಿಯ 1995ರ ಆಗಸ್ಟ್ 9ರಂದು ತೀರಿಕೊಂಡನು. ಉಳಿದವರು ಆ ಹೆಸರಿನಿಂದ ನುಡಿಸುವುದನ್ನು ಆ ವರ್ಷವೇ ನಿಲ್ಲಿಸಿದರು. ನಡುವಣ 30 ವರ್ಷಗಳಲ್ಲಿ ನಡೆದ ಕಚೇರಿಗಳು 2,300ಕ್ಕೂ ಹೆಚ್ಚು. ‘ಡೆಡ್‌ಹೆಡ್’ಗಳೆಂಬ ಹೆಸರು ಪಡೆದ ಅಭಿಮಾನಿಗಳು ಊರಿಂದೂರಿಗೆ ತಂಡದ ಬೆನ್ನು ಹತ್ತಿ ಹೋಗುತ್ತಿದ್ದರು. ಇಪ್ಪತ್ತರ ಹರೆಯದಲ್ಲಿ ಹೀಗೆ ಹೊರಟವರು ಎಪ್ಪತ್ತನ್ನು ದಾಟಿದ ಮೇಲೂ ಅವೇ ಹಾಡುಗಳನ್ನು ಕೇಳುತ್ತಿದ್ದಾರೆ. ದಿನವೂ ಒಂದೇ ಪಲ್ಯವನ್ನು ಬಡಿಸಿದರೆ ವಾರದೊಳಗೆ ನಾಲಗೆ ಬೇಸರಪಡುತ್ತದೆ. ಹಾಡು ಮಾತ್ರ ಐವತ್ತು ವರ್ಷ ಹಳಸದೆ ಇರುವುದು ಹೇಗೆ?

ವಯಸ್ಸು ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ. ವೃದ್ಧರು ತಮ್ಮ ಬಾಳಿನ ನೆನಪುಗಳನ್ನು ಹೇಳತೊಡಗಿದಾಗ, ಸುಮಾರು 10ರಿಂದ 30 ವರ್ಷ ವಯಸ್ಸಿನ ನಡುವಣ ಘಟನೆಗಳೇ ಅಧಿಕವಾಗಿ ಬರುತ್ತವೆಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ನೆನಪುಗಳ ಸಂಖ್ಯೆಯನ್ನು ವಯಸ್ಸಿನೊಡನೆ ಹೋಲಿಸಿ ನಕ್ಷೆ ಬರೆದರೆ ಆ ಭಾಗದಲ್ಲಿ ರೇಖೆಯು ದಿಣ್ಣೆಯಂತೆ ಉಬ್ಬುತ್ತದೆ. ಹಾಡುಗಳ ವಿಷಯದಲ್ಲಿಯೂ ಈ ಉಬ್ಬು ಉಂಟು. ಮೊದಲ ಗೆಳೆತನ, ಮನೆ ಬಿಟ್ಟು ಹೊರಟ ಮೊದಲ ಪ್ರಯಾಣ, ಮೊದಲ ಸಂಪಾದನೆ ಇವುಗಳ ಕಾಲದಲ್ಲಿ ಕಿವಿಗೆ ಬಿದ್ದ ಹಾಡು ಇವುಗಳೊಡನೆಯೇ ಗಂಟು ಹಾಕಿಕೊಂಡು ಉಳಿಯುತ್ತದೆ. ಆದರೆ ಈ ಮಾತು ಎಲ್ಲ ಹಾಡುಗಳಿಗೂ ಸಲ್ಲುವಂಥದು. ಕೋಲು ಹಿಡಿದು ನಿಂತವನ ಹಟವನ್ನು ಇದರಿಂದ ವಿವರಿಸಲಾಗದು.

ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇಲ್ಲಿ ನಮಗೆ ನೆರವಾಗುತ್ತದೆ. ಕೇಳಿದಾಗ ಮೈ ನವಿರೇಳಿಸುವಂಥ ಸಂಗೀತವನ್ನು ಜನರೇ ಆರಿಸಿ ತಂದರು. ಅದನ್ನು ಅವರು ಕೇಳುತ್ತಿರುವಾಗ ಮಿದುಳಿನೊಳಗಿನ ವ್ಯಾಪಾರವನ್ನು ಯಂತ್ರಗಳಿಂದ ಗುರುತಿಸಲಾಯಿತು. ರೋಮಾಂಚದ ಗಳಿಗೆಯಲ್ಲಿ ಡೋಪಮೀನ್ ಎಂಬ ರಾಸಾಯನಿಕವು ಬಿಡುಗಡೆಯಾಗುತ್ತಿತ್ತು. ಹಸಿದವನಿಗೆ ಊಟ ಸಿಕ್ಕಾಗಲೂ ಕೆಲಸ ಮಾಡುವುದು ಇದೇ ದ್ರವ್ಯ. ಅದಕ್ಕಿಂತಲೂ ಸ್ವಾರಸ್ಯವಾದುದೆಂದರೆ, ಆ ಗಳಿಗೆ ಬರುವುದಕ್ಕೆ ಕೆಲವು ಕ್ಷಣ ಮೊದಲೇ, ‘ಇದೋ ಬಂತು’ ಎಂದು ಮನಸ್ಸು ಕಾಯುತ್ತಿರುವಾಗಲೇ, ಮಿದುಳಿನ ಸಮೀಪದ ಇನ್ನೊಂದು ಭಾಗದಲ್ಲಿ ಅದು ಬಿಡುಗಡೆಯಾಗತೊಡಗುತ್ತಿತ್ತು. ಎಂದರೆ ಕಾಯುವುದೂ ಸುಖದ ಒಂದು ಪಾಲು. ಮುಂದೇನೆಂಬುದು ಪೂರ್ತಿ ತಿಳಿದಿದ್ದರೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ. ಏನೂ ತಿಳಿಯದಿದ್ದರೆ ಯಾವುದಕ್ಕಾಗಿ ಕಾಯಬೇಕೆಂಬುದೇ ಗೊತ್ತಾಗುವುದಿಲ್ಲ.

ಗ್ರೇಟ್‌ಫುಲ್ ಡೆಡ್ ತಂಡವು ಈ ಎರಡರ ನಡುವಣ ದಾರಿಯಲ್ಲಿ ನಡೆಯಿತು. ಅದರ ‘ಡಾರ್ಕ್ ಸ್ಟಾರ್’ ಎಂಬ ಹಾಡು 1968ರ ಧ್ವನಿಮುದ್ರಿಕೆಯಲ್ಲಿ ಮೂರು ನಿಮಿಷಗಳಿಗಿಂತ ಕಡಿಮೆ. 1969ರಲ್ಲಿ ಹೊರಬಂದ ಕಚೇರಿಯ ಮುದ್ರಣದಲ್ಲಿ ಅದೇ ಹಾಡು 23 ನಿಮಿಷಗಳಷ್ಟು ಬೆಳೆದಿದೆ. ಹಾಡುಗಳ ಪಟ್ಟಿಯೂ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತಿತ್ತು. ಕೇಳುವವನಿಗೆ ಹಾಡು ಗೊತ್ತು, ಅದು ಇಂದು ಎತ್ತ ತಿರುಗೀತೆಂಬುದು ಗೊತ್ತಿಲ್ಲ. ನಿನ್ನೆಯ ಕಲ್ಯಾಣಿ ಇಂದಿನ ಕಲ್ಯಾಣಿಯಲ್ಲವೆಂದು ಬಲ್ಲ ನಮ್ಮ ರಸಿಕರಿಗೆ ಇದನ್ನು ಹೆಚ್ಚಾಗಿ ಬಿಡಿಸಿ ಹೇಳಬೇಕಾಗಿಲ್ಲ. (ಈ ತಂಡದ ತಾಳವಾದ್ಯಗಾರರಲ್ಲೊಬ್ಬನಾದ ಮಿಕ್ಕಿ ಹಾರ್ಟ್ 1991ರ ‘ಪ್ಲಾನೆಟ್ ಡ್ರಮ್’ ಮುದ್ರಿಕೆಯಲ್ಲಿ ಝಾಕಿರ್ ಹುಸೇನರ ತಬಲಾ, ವಿಕ್ಕು ವಿನಾಯಕರಾಮರ ಘಟಗಳೊಡನೆ ನುಡಿಸಿದ್ದಾನೆ.) ಆದರೆ ಎರಡನೆಯ ಸಲ ಬಾರದ ಸಂಗೀತವು ಗಾಳಿಯಲ್ಲಿ ಕರಗಿಹೋಗುವ ಸಂಗೀತವೂ ಹೌದು. ಕೋಲು ಹುಟ್ಟಿದ್ದು ಈ ಭಯದಿಂದ.

ತಂಡದವರಿಗೂ ಧ್ವನಿಯ ವಿಷಯದಲ್ಲಿ ಇದಕ್ಕೆ ಕಡಿಮೆಯಿಲ್ಲದ ಹುಚ್ಚಿತ್ತು. 1974ರಲ್ಲಿ ಅವರು ಸುಮಾರು 600 ಧ್ವನಿವರ್ಧಕಗಳನ್ನು ಗೋಡೆಯಂತೆ ಪೇರಿಸಿ, ಅದನ್ನು ತಮ್ಮ ಬೆನ್ನ ಹಿಂದೆಯೇ ನಿಲ್ಲಿಸಿದರು. ಸಭಿಕರು ಕೇಳುವುದನ್ನೇ ತಾವೂ ಕೇಳಬೇಕೆಂಬುದು ಉದ್ದೇಶ. ಆದರೆ ಮೈಕ್ರೊಫೋನಿನ ಎದುರಿಗೆ ಧ್ವನಿವರ್ಧಕವಿದ್ದರೆ, ಹೊರಬಂದ ಸದ್ದು ಮತ್ತೆ ಒಳಹೊಕ್ಕು, ಇನ್ನಷ್ಟು ಹಿಗ್ಗಿ ಹೊರಬಂದು, ಕೊನೆಗೆ ಕಿವಿಗಡಚಿಕ್ಕುವ ಕೂಗಾಗುತ್ತದೆ. ಮದುವೆಮನೆಯ ಧ್ವನಿವರ್ಧಕ ಊಳಿಡುವುದನ್ನು ವಾಚಕರು ಕೇಳಿಯೇ ಇರುತ್ತಾರೆ. ಇದಕ್ಕೆ ಅವರು ಹೂಡಿದ ಉಪಾಯವು ಸೊಗಸಾಗಿದೆ. ಒಬ್ಬ ಗಾಯಕನಿಗೆ ಎರಡು ಮೈಕ್ರೊಫೋನುಗಳನ್ನು ಒತ್ತಾಗಿ ಇಟ್ಟು, ಅವುಗಳ ತಂತಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿದರು. ಹಿಂದಿನ ಗೋಡೆಯ ಸದ್ದು ಎರಡನ್ನೂ ಸಮನಾಗಿ ತಾಗುವುದರಿಂದ, ಒಂದರ ಉಬ್ಬು ಇನ್ನೊಂದರ ತಗ್ಗನ್ನು ತುಂಬಿ ಅದು ಅಳಿದುಹೋಗುತ್ತದೆ. ಗಾಯಕನು ತುಟಿ ತಾಗಿಸಿ ಹಾಡುವುದು ಒಂದಕ್ಕೇ. ಆದುದರಿಂದ ಅವನ ದನಿ ಮಾತ್ರ ಉಳಿಯುತ್ತದೆ. ಈ ಗೋಡೆಯನ್ನು ಊರೂರಿಗೆ ಹೊರುವ ವೆಚ್ಚ ತಡೆಯಲಾರದೆ ಅದೇ ವರ್ಷ ಅದನ್ನು ಕೈಬಿಟ್ಟರೆಂಬುದು ಬೇರೆ ಮಾತು.

ಅಭಿಮಾನಿಗಳ ಕೈಯಲ್ಲಿದ್ದದ್ದು ಕ್ಯಾಸೆಟ್ ಯಂತ್ರ. ಕಬ್ಬಿಣದ ಆಕ್ಸೈಡಿನಂಥ ಪುಡಿಯನ್ನು ಲೇಪಿಸಿದ, ನಾಲ್ಕು ಮಿಲಿಮೀಟರಿಗಿಂತಲೂ ಕಿರಿದಾದ ಪ್ಲಾಸ್ಟಿಕ್ ಪಟ್ಟಿಯು ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ತುಸು ಕಡಿಮೆ ವೇಗದಲ್ಲಿ ಒಂದು ಸಣ್ಣ ವಿದ್ಯುತ್ಕಾಂತದ ಮುಂದೆ ಹಾಯುತ್ತದೆ. ಧ್ವನಿಯ ಏರಿಳಿತಕ್ಕೆ ತಕ್ಕಂತೆ ಪುಡಿಯ ಕಣಗಳಲ್ಲಿ ಕಾಂತತ್ವವು ಅಚ್ಚೊತ್ತುತ್ತದೆ. ಕಣಗಳು ಎಷ್ಟೇ ನುಣುಪಾಗಿರಲಿ, ಒಂದು ಸಣ್ಣ ‘ಸುಸ್’ ಶಬ್ದ ತಪ್ಪಿದ್ದಲ್ಲ. ಪಟ್ಟಿಯಿಂದ ಪಟ್ಟಿಗೆ ಪ್ರತಿ ತೆಗೆದಂತೆಲ್ಲ ಈ ಶಬ್ದವು ಕೂಡುತ್ತ ಹೋಗುತ್ತದೆ. ಹಾಗಾಗಿ ಅಭಿಮಾನಿಗಳು ತಮ್ಮ ಪ್ರತಿಯು ಮೂಲದಿಂದ ಎಷ್ಟನೆಯ ತಲೆಮಾರಿನದೆಂದು ವಂಶಾವಳಿಯಂತೆ ಲೆಕ್ಕವಿಡುತ್ತಿದ್ದರು. ಹಣಕ್ಕೆ ಮಾರಬಾರದು, ಪಟ್ಟಿಗೆ ಪಟ್ಟಿಯನ್ನೇ ಕೊಡಬೇಕು ಎಂಬುದು ಅವರಲ್ಲಿದ್ದ ಕಟ್ಟಳೆ.

ತಂಡದ ಧ್ವನಿಶಿಲ್ಪಿಗಳಲ್ಲಿ ಒಬ್ಬಳಾದ ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್ ತಾನೇ ದೊಡ್ಡ ಸುರುಳಿಗಳಲ್ಲಿ ಅನೇಕ ಕಚೇರಿಗಳನ್ನು ಮುದ್ರಿಸಿಕೊಂಡಿದ್ದಳು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ, ಹಲವು ಅಭಿಮಾನಿಗಳು ಎಲ್ಲಕ್ಕಿಂತ ಮೇಲೆಂದು ಹೇಳುವ ಕಚೇರಿಯೂ ಅವುಗಳಲ್ಲೊಂದು. ಅವಳಿಗೆ ಹಣದ ಮುಗ್ಗಟ್ಟು ಬಂದು, ಸುರುಳಿಗಳನ್ನಿಟ್ಟಿದ್ದ ಬಾಡಿಗೆ ಕೋಣೆಯ ಸಾಮಾನು 1986ರಲ್ಲಿ ಹರಾಜಾಯಿತು. ಸುರುಳಿಗಳು ಬೇರೆಬೇರೆಯವರ ಕೈಸೇರಿದವು; ಕೆಲವಕ್ಕೆ ಬೂಷ್ಟು ಹಿಡಿಯಿತು. ಅವನ್ನು ಶುಚಿಮಾಡಿ, ಒಂದೊಂದಾಗಿ ನುಡಿಸಿ, ಪ್ರತಿ ತೆಗೆದು ಉಳಿಸಿದವರು ಅಭಿಮಾನಿಗಳೇ. ಕಾರ್ನೆಲ್ ಕಚೇರಿಯ ಮುದ್ರಣವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2012ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. 2017ರಲ್ಲಿ ಅದು ಅಧಿಕೃತವಾಗಿ ಹೊರಬಂದಿತು. ಅಷ್ಟರಲ್ಲಿ ಡೆಡ್‌ಹೆಡ್‌ಗಳು ಅದನ್ನು ಮೂವತ್ತು ವರ್ಷ ಕೇಳಿಯಾಗಿತ್ತು.

ಧ್ವನಿಯನ್ನು ಅಂಕಿಗಳಾಗಿ ಬರೆದಿಟ್ಟರೆ ಪ್ರತಿಯು ಎಷ್ಟನೆಯದಾದರೂ ಕೆಡುವುದಿಲ್ಲ. ಆದುದರಿಂದ ಸಾವಿರಾರು ಕ್ಯಾಸೆಟ್ಟುಗಳು ಗಣಕಯಂತ್ರಗಳಿಗೆ ದಾಟಿವೆ. ಆದರೆ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಇನ್ನೂ ಉಳಿದಿರುವ ಹಳೆಯ ಪಟ್ಟಿಗಳಿಗೆ ಹೆಚ್ಚು ಸಮಯವಿಲ್ಲ. 1970–80ರ ದಶಕಗಳ ಕೆಲವು ಬಗೆಯ ಸುರುಳಿಗಳಲ್ಲಿ ಪುಡಿಯನ್ನು ಹಿಡಿದಿರುವ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ. ನುಡಿಸಹೋದರೆ ಹಾಡೇ ಸುಲಿದು ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ. ಅಂಥ ಸುರುಳಿಯನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆಗಳ ಕಾಲ ಹದವಾಗಿ ಬಿಸಿಮಾಡಿದರೆ ತೇವವು ಆರಿ, ಕೆಲವು ವಾರಗಳವರೆಗೆ ಅದು ಮತ್ತೆ ನುಡಿಯುತ್ತದೆ. ಪ್ರತಿ ತೆಗೆದುಕೊಳ್ಳುವುದಿದ್ದರೆ ಅಷ್ಟರೊಳಗೆ ತೆಗೆದುಕೊಳ್ಳಬೇಕು.