ಡಬ್ಬಿ ಜೋಡಿಸುವ ಎಂಜಿನು

ಅಣ್ಣಿಗೇರಿಯಿಂದಾಗಲಿ ಕುಂದಗೋಳದಿಂದಾಗಲಿ ಹುಬ್ಬಳ್ಳಿಗೆ ರೈಲಿನಲ್ಲಿ ಹೋದವರು, ನಿಲ್ದಾಣ ಸಮೀಪಿಸಿದಂತೆ ಒಂದು ಹಳಿ ಹತ್ತಾಗಿ ಬೀಸಣಿಗೆಯಂತೆ ಹರಡಿಕೊಳ್ಳುವುದನ್ನು ನೋಡಿದ್ದೀರಿ. ಅದಕ್ಕೆ ಯಾರ್ಡ್ ಎನ್ನುತ್ತಾರೆ. ಬಂದ ಗಾಡಿಯನ್ನು ಬಿಡಿಸಿ, ಡಬ್ಬಿಗಳನ್ನು ಅತ್ತಿತ್ತ ಸರಿಸಿ, ಹೊಸ ಗಾಡಿ ಕಟ್ಟುವ ಕೆಲಸ ಅಲ್ಲಿಯದು. ಇದೇ ಶಂಟಿಂಗ್. ಮೇಲ್ ಗಾಡಿಯ ಎಂಜಿನನ್ನು ಹುಡುಗರು ಬಾಯಿ ತೆರೆದು ನೋಡುತ್ತಾರೆ. ಶಂಟಿಂಗ್ ಎಂಜಿನನ್ನು ಯಾರೂ ತಿರುಗಿಯೂ ನೋಡುವುದಿಲ್ಲ. ಆದರೆ ಅದಿಲ್ಲದೆ ಮೇಲ್ ಗಾಡಿಯೇ ಇಲ್ಲ.

ಈ ಕೆಲಸವನ್ನು ಮೊದಲು ಉಗಿ ಎಂಜಿನು ಮಾಡುತ್ತಿತ್ತು. ಶಂಟಿಂಗಿನಲ್ಲಿ ಓಡುವುದಕ್ಕಿಂತ ಕಾಯುವುದೇ ಹೆಚ್ಚು. ಐದು ನಿಮಿಷ ತಳ್ಳಬೇಕು, ಅರ್ಧ ಗಂಟೆ ನಿಲ್ಲಬೇಕು. ನಿಂತರೂ ಒಲೆ ಆರಿಸುವಂತಿಲ್ಲ. ಆರಿದರೆ ಮತ್ತೆ ನೀರು ಕಾದು ಉಗಿ ಏರಲು ತಾಸುಗಟ್ಟಲೆ ಬೇಕು. ಅಡಿಗೆ ಇಲ್ಲದ ಒಲೆಗೆ ಕಟ್ಟಿಗೆ ಒಟ್ಟಿದಂತೆ ಕಲ್ಲಿದ್ದಲು ಸುಡುತ್ತಿತ್ತು. ಡೀಸೆಲ್ ಎಂಜಿನಿಗೆ ಆ ಕಾಟವಿಲ್ಲ.

ಭಾರತಕ್ಕೆ ಇಂಥ ಡೀಸೆಲ್ ಎಂಜಿನುಗಳು ಎರಡನೆಯ ಮಹಾಯುದ್ಧದ ಕೊನೆಗೆ, 1944–45ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ಆಮೇಲೆ ಜರ್ಮನಿಯವೂ ಬಂದವು. 1960ರ ದಶಕದ ಕೊನೆಗೆ ಚಿತ್ತರಂಜನ್ ಕಾರ್ಖಾನೆ ಡಬ್ಲ್ಯೂಡಿಎಸ್-4 ಎಂಬ ವರ್ಗವನ್ನು ನಮ್ಮಲ್ಲೇ ಕಟ್ಟತೊಡಗಿತು. 1950ರಿಂದ ಉಗಿ ಎಂಜಿನು ಕಟ್ಟಿ ಹೆಸರು ಪಡೆದ ಕಾರ್ಖಾನೆ ಅದೇ. ಹೆಸರಿನ ಅಕ್ಷರಗಳಿಗೆ ಅರ್ಥವುಂಟು: ಡಬ್ಲ್ಯೂ ಎಂದರೆ ಬ್ರಾಡ್ ಗೇಜ್, ಡಿ ಎಂದರೆ ಡೀಸೆಲ್, ಎಸ್ ಎಂದರೆ ಶಂಟಿಂಗ್. ಆದುದರಿಂದಲೇ ನಮ್ಮ ಕಡೆಯ ಹಳಿಗೆ ಅದು ಬಹುಕಾಲ ಸಲ್ಲಲಿಲ್ಲ. ಸದರ್ನ್ ಮರಾಠಾ ರೈಲ್ವೆಯವರು 1880ರ ದಶಕದಲ್ಲಿ ಇಲ್ಲಿ ಹಾಕಿದ್ದು ಮೀಟರ್ ಗೇಜು. ಅದು ಬ್ರಾಡ್ ಗೇಜಾದದ್ದು 1990ರ ದಶಕದಲ್ಲಿ.

ಇನ್ನು ಅದರ ರಚನೆ. ಮಳೆಗಾಲದಲ್ಲಿ ನವಲಗುಂದದ ಎರಿಮಣ್ಣಿನಲ್ಲಿ ಚಕ್ಕಡಿ ಹೂತಾಗ ಏನು ಮಾಡುತ್ತೀರಿ? ಎತ್ತು ಓಡಿದರೆ ಪ್ರಯೋಜನವಿಲ್ಲ. ನಿಧಾನವಾಗಿ, ಮೈಭಾರವನ್ನೆಲ್ಲ ಹಾಕಿ ಎಳೆಯಬೇಕು. ಶಂಟಿಂಗಿಗೂ ಬೇಕಾದುದು ವೇಗವಲ್ಲ, ಹೆಜ್ಜೆಯ ನಡಿಗೆಯಲ್ಲಿ ಪೂರ್ಣ ಬಲ. ಡಬ್ಲ್ಯೂಡಿಎಸ್-4ಬಿ ಎಂಬುದರ ಶಕ್ತಿ 700 ಅಶ್ವಶಕ್ತಿ, ತೂಕ ಸುಮಾರು 60 ಟನ್ನು. ಆ ತೂಕವೆಲ್ಲ ಎಳೆಯುವ ಆರು ಚಕ್ರಗಳ ಮೇಲೆಯೇ ಬೀಳುತ್ತದೆ. ಒಂದೊಂದು ಬದಿಯ ಮೂರು ಚಕ್ರಗಳನ್ನು ಉಕ್ಕಿನ ಪಟ್ಟಿಯಿಂದ ಹೆಣೆದಿದ್ದಾರೆ. ಒಂದೇ ಚಕ್ರ ತಾನಾಗಿ ಜಾರಿ ಸುತ್ತುವಂತಿಲ್ಲ. ನೊಗಕ್ಕೆ ಹೂಡಿದ ಎತ್ತು ಜೊತೆಗಾರನನ್ನು ಬಿಟ್ಟು ಹೋಗಲಾರದಷ್ಟೆ.

ಆದರೆ ಡೀಸೆಲ್ ಯಂತ್ರಕ್ಕೆ ಒಂದು ದೋಷವುಂಟು. ನಿಂತ ಭಾರಕ್ಕೆ ಅದನ್ನು ನೇರವಾಗಿ ಕಟ್ಟಿದರೆ ಉಸಿರುಗಟ್ಟಿ ನಿಂತುಬಿಡುತ್ತದೆ. ನಡುವೆ ಸಡಿಲು ಬೇಕು. ಮನೆಯಲ್ಲಿ ಒಂದು ಟೇಬಲ್ ಫ್ಯಾನು ಹಚ್ಚಿ, ಎದುರಿಗೆ ಹಚ್ಚದ ಇನ್ನೊಂದನ್ನು ಇಟ್ಟು ನೋಡಿರಿ. ಮೊದಲನೆಯದರ ಗಾಳಿಗೆ ಎರಡನೆಯದು ಮೆಲ್ಲಗೆ ತಿರುಗುತ್ತದೆ. ಕೈಯಿಂದ ಹಿಡಿದು ನಿಲ್ಲಿಸಿದರೂ ಮೊದಲನೆಯದು ನಿಲ್ಲದು. (ಹಿಡಿಯುವ ಕೆಲಸ ಮಕ್ಕಳಿಗೆ ಹೇಳಬೇಡಿರಿ.) ಗಾಳಿಯ ಬದಲು ಎಣ್ಣೆ ಹಾಕಿ, ಎರಡನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು, ಎಣ್ಣೆಯ ಹರಿವನ್ನು ತಿರುಗಿಸುವ ಸ್ಥಿರ ರೆಕ್ಕೆಗಳನ್ನು ಸೇರಿಸಿದರೆ ಬಲವೂ ಹೆಚ್ಚುತ್ತದೆ. ಎಣ್ಣೆಯಲ್ಲಿ ಕಡೆದಷ್ಟೂ ಶಕ್ತಿಯ ಒಂದು ಪಾಲು ಬಿಸಿಯಾಗಿ ಹೋಗುವುದು ಮಾತ್ರ ನಷ್ಟ. ನಮ್ಮ ರೈಲ್ವೆಯ ಎಂಜಿನಿಯರ್ ಎಂ. ಎಂ. ಸೂರಿಯವರು ಇದಕ್ಕೊಂದು ಉಪಾಯ ಕಂಡರು: ಹೊರಡುವಾಗ ಎಣ್ಣೆ, ವೇಗ ಬಂದ ಮೇಲೆ ನೇರ ಹಲ್ಲುಚಕ್ರ. ಸೂರಿ ಪ್ರೇಷಣವೆಂದೇ ಅದು ಹೆಸರಾಯಿತು. ಈ ವರ್ಗದ ಕೆಲವು ಎಂಜಿನುಗಳಲ್ಲಿ ಅದನ್ನೇ ಕೂಡಿಸಿದ್ದರು.

ಇಷ್ಟೆಲ್ಲ ನಯವೇಕೆ ಬೇಕು ಎಂದು ಕೇಳಬಹುದು. ಎರಡು ಡಬ್ಬಿಗಳ ನಡುವೆ ಒಬ್ಬ ಮನುಷ್ಯನಿರುತ್ತಾನೆ, ಅದಕ್ಕೆ. ಹಳೆಯ ತಿರುಪಿನ ಕೊಂಡಿಯಲ್ಲಿ ಅವನು ಬಫರುಗಳ ಕೆಳಗೆ ಬಗ್ಗಿ ಒಳಹೊಕ್ಕು, ಭಾರವಾದ ಕಬ್ಬಿಣದ ಕೊಂಡಿಯನ್ನೆತ್ತಿ ಕೊಕ್ಕೆಗೆ ಹಾಕಿ, ತಿರುಪು ಬಿಗಿಯಬೇಕು. ಆ ಗಳಿಗೆಯಲ್ಲಿ ಎಂಜಿನು ಒಂದು ಮೊಳ ಸರಿದರೂ ಎರಡು ಬಫರುಗಳ ನಡುವೆ ಅವನ ಗತಿಯೇನು? ಚಾಲಕನಿಗೆ ಅವನ ಕೈಸನ್ನೆ, ರಾತ್ರಿಯಾದರೆ ದೀಪ, ತಪ್ಪದೆ ಕಾಣಬೇಕು. ಉಗಿ ಎಂಜಿನಿನ ದಪ್ಪ ಬಾಯ್ಲರು ಮುಂದಿನ ನೋಟವನ್ನೇ ಮುಚ್ಚುತ್ತಿತ್ತು. ಡಬ್ಲ್ಯೂಡಿಎಸ್-4ರಲ್ಲಿ ಯಂತ್ರದ ಹೊದಿಕೆಯನ್ನು ಕಿರಿದು ಮಾಡಿ, ಚಾಲಕನ ಕೋಣೆಯ ಕಿಟಕಿಗಳಿಂದ ಅದರ ಎರಡೂ ಮಗ್ಗುಲಿಗೆ ನೋಟ ಸಿಗುವಂತೆ ಮಾಡಿದ್ದಾರೆ. ನನ್ನ ಮಟ್ಟಿಗೆ ಅದರ 700 ಅಶ್ವಶಕ್ತಿಗಿಂತ ಈ ಕಿಟಕಿಯೇ ದೊಡ್ಡ ಗುಣ.

ಚಿತ್ತರಂಜನ್‌ದಲ್ಲಿ ಈ ವರ್ಗದ ತಯಾರಿಕೆ 1990ರ ದಶಕದಲ್ಲಿ ನಿಂತಿತು. ಮುಖ್ಯ ಹಳಿಗಳ ಮೇಲೆಲ್ಲ ವಿದ್ಯುತ್ ತಂತಿ ಬಂದಿದೆ. ಒಂದು ಕಾಲಕ್ಕೆ ದೂರದ ಗಾಡಿಗಳನ್ನೆಳೆದ ದೊಡ್ಡ ಡೀಸೆಲ್ ಎಂಜಿನುಗಳು ಮುಪ್ಪಿನಲ್ಲಿ ಶಂಟಿಂಗಿಗೆ ಇಳಿದಿವೆ. ಗೋದಾಮಿನ ಪಕ್ಕದ, ತಂತಿಯಿಲ್ಲದ ಹಳಿಗಳಿಗೆ ಡೀಸೆಲ್ಲೇ ಹೋಗಬೇಕಷ್ಟೆ. ಕೊಂಡಿಗಳೂ ಬದಲಾಗಿವೆ. ಬೆರಳು ಮಡಿಚಿದ ಎರಡು ಮುಷ್ಟಿಗಳಂತೆ ತಾವೇ ಹಿಡಿದುಕೊಳ್ಳುವ ನಡುಗೊಂಡಿ ಸರಕಿನ ಡಬ್ಬಿಗಳಿಗೂ ಹೊಸ ಪ್ರಯಾಣಿಕ ಡಬ್ಬಿಗಳಿಗೂ ಬಂದಿದೆ. ಬಫರುಗಳ ನಡುವೆ ನಿಂತು ತಿರುಪು ಬಿಗಿಯುವ ಕೆಲಸ ಅಷ್ಟರಮಟ್ಟಿಗೆ ತಪ್ಪಿದೆ. ಆದರೆ ಬ್ರೇಕಿನ ಗಾಳಿಕೊಳವೆಯನ್ನು ಕೂಡಿಸಲು ಅವನು ಈಗಲೂ ಎರಡು ಡಬ್ಬಿಗಳ ನಡುವೆ ಬಗ್ಗಲೇಬೇಕು.