ಇಬ್ಬರಿಗೂ ದಕ್ಕುವ ಆಟ

2018ರ ಜೂನ್ 14ರಂದು ಅಫ್ಘಾನಿಸ್ತಾನ ತನ್ನ ಚೊಚ್ಚಲ ಟೆಸ್ಟ್ ಆಡಲು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಇಳಿಯಿತು. ಎರಡೇ ದಿನದಲ್ಲಿ ಇನಿಂಗ್ಸ್ ಮತ್ತು 262 ರನ್‌ಗಳಿಂದ ಸೋತಿತು. ಗೆದ್ದ ಭಾರತದ ನಾಯಕ ಅಜಿಂಕ್ಯ ರಹಾನೆ ಎದುರಾಳಿಗಳನ್ನೂ ಕರೆದು ಟ್ರೋಫಿಯೊಂದಿಗೆ ಫೋಟೊ ತೆಗೆಸಿಕೊಂಡರು. ಆ ಸೌಜನ್ಯ ದೊಡ್ಡದು ನಿಜ. ಆದರೆ ಕ್ರೀಡೆ ಬೆಸೆದ ನಂಟು ಬಾಳುವುದು ಎರಡೂ ಕಡೆಗೆ ಪ್ರಯೋಜನವಿದ್ದಾಗ. ‘ಶೇರ್ಡ್ ವ್ಯಾಲ್ಯೂ’, ಅಂದರೆ ಇಬ್ಬರಿಗೂ ದಕ್ಕುವ ಮೌಲ್ಯ ಎಂದು ಮೈಕೆಲ್ ಪೋರ್ಟರ್ ಮತ್ತು ಮಾರ್ಕ್ ಕ್ರೇಮರ್ 2011ರಲ್ಲಿ ಉದ್ಯಮಗಳಿಗೆ ಹೇಳಿದ್ದೂ ಇದನ್ನೇ: ಲಾಭ ಮಾಡಿದ ಮೇಲೆ ದಾನ ಕೊಡುವುದಲ್ಲ, ಸಮಾಜದ ಕೊರತೆ ನೀಗಿಸುವ ಕೆಲಸದಲ್ಲೇ ಲಾಭ ಕಾಣುವುದು.

ತವರಿನಲ್ಲಿ ಆಡಲಾಗದ ಅಫ್ಘನ್ನರಿಗೆ ಭಾರತ ಗ್ರೇಟರ್ ನೋಯ್ಡಾ, ಡೆಹ್ರಾಡೂನ್, ಲಖನೌಗಳಲ್ಲಿ ಅಂಗಳ ಕೊಟ್ಟಿತು. 2017ರಲ್ಲಿ ಸನ್‌ರೈಸರ್ಸ್ ಹೈದರಾಬಾದ್ ರಶೀದ್ ಖಾನ್‌ರನ್ನು 4 ಕೋಟಿ ರೂಪಾಯಿಗೆ ಕೊಂಡಿತು. ಐಪಿಎಲ್‌ಗೆ ಅಪರೂಪದ ಲೆಗ್ ಸ್ಪಿನ್ನರ್ ಸಿಕ್ಕಿದರು, ಅಫ್ಘನ್ ಹುಡುಗರಿಗೆ ಕ್ರಿಕೆಟ್ಟೂ ಅನ್ನ ಕೊಡಬಲ್ಲದೆಂಬುದು ಕಣ್ಣೆದುರೇ ಕಂಡಿತು. 2019ರ ವಿಶ್ವಕಪ್‌ನಲ್ಲಿ ನಮ್ಮ ಅಮುಲ್ ಅವರ ತಂಡದ ಪ್ರಾಯೋಜಕನಾಯಿತು. 2024ರಲ್ಲಿ ಅದೇ ದೇಶ ಟಿ20 ವಿಶ್ವಕಪ್ ಸೆಮಿಫೈನಲ್ ತಲುಪಿತು. ಗೆಳೆತನವನ್ನು ಲಾಭದ ಲೆಕ್ಕಕ್ಕೆ ಇಳಿಸುವುದೇ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಲೆಕ್ಕವಿಲ್ಲದ ಕಡೆ ಹೊಣೆಯೂ ಸಡಿಲವಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದಲ್ಲಿ ನ್ಯೂಜಿಲೆಂಡ್ ವಿರುದ್ಧದ ಅಫ್ಘನ್ ಟೆಸ್ಟ್ ಒಂದೂ ಚೆಂಡು ಕಾಣದೆ ರದ್ದಾಯಿತು. ಮಳೆ ಒಂದೇ ಕಾರಣವಲ್ಲ. ಒದ್ದೆ ಅಂಗಳ ಒಣಗಿಸುವ ಸೌಲಭ್ಯವೂ ಅಲ್ಲಿ ಸಾಲದಾಗಿತ್ತು. ಅಂಗಳ ಕೊಟ್ಟರಷ್ಟೇ ಸಾಲದು, ಅದು ಚೆನ್ನಾಗಿರುವುದರಲ್ಲಿ ಕೊಟ್ಟವರಿಗೂ ಪಾಲಿರಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. 2021ರಲ್ಲಿ ತಾಲಿಬಾನ್ ಮರಳಿದ ಮೇಲೆ ಅಲ್ಲಿನ ಹೆಣ್ಣುಮಕ್ಕಳು ಆಟದಿಂದಲೇ ಹೊರಬಿದ್ದರು. ಹಾಗಿರುವಾಗ ಈ ಮೌಲ್ಯ ಯಾರಿಗೆ ದಕ್ಕಿತು? ಇದೇ ಕಾರಣಕ್ಕೆ ಆಸ್ಟ್ರೇಲಿಯಾ ಅಫ್ಘಾನಿಸ್ತಾನದೊಂದಿಗಿನ ದ್ವಿಪಕ್ಷೀಯ ಸರಣಿಗಳನ್ನೇ ಕೈಬಿಟ್ಟಿತು. ಪುರುಷರ ತಂಡವನ್ನು ದೂರವಿಟ್ಟರೆ ಆ ಜನರ ಉಳಿದೊಂದು ಸಂತೋಷವೂ ಹೋಗುತ್ತದೆ, ಹಾಗಾಗಿ ಬಹಿಷ್ಕಾರ ಸರಿಯಲ್ಲವೆಂದೇ ನನ್ನ ನಿಲುವು. ಆದರೆ ಅರ್ಧ ಸಮಾಜವನ್ನು ಬಿಟ್ಟು ಕಟ್ಟಿದ ನಂಟು ಅರ್ಧದ್ದೇ. ದೇಶ ತೊರೆದ ಆಟಗಾರ್ತಿಯರು 2025ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಒಂದು ತಂಡವಾಗಿ ಆಡಿದರು. ಅವರಿಗೆ ನೆರವಾಗುವುದಾಗಿ ಐಸಿಸಿ ಅದೇ ಏಪ್ರಿಲ್‌ನಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ಬಿಸಿಸಿಐ ಕೂಡ ಇದೆ. ಬೆಂಗಳೂರಿನಲ್ಲಿರುವ ಬಿಸಿಸಿಐ ಉತ್ಕೃಷ್ಟತಾ ಕೇಂದ್ರದ ಬಾಗಿಲು ಆ ಆಟಗಾರ್ತಿಯರಿಗೂ ತೆರೆಯಲಿ.