ಸರ್ವರ್ ಬಿದ್ದರೆ ಯಾರ ಕೆಲಸ ನಿಲ್ಲುತ್ತದೆ?

2012ರ ಮೇ 17ರಂದು ಸುಪ್ರೀಂ ಕೋರ್ಟ್‌ನ ಜಾಲತಾಣ ಕೆಲ ಹೊತ್ತು ತೆರೆಯಲೇ ಇಲ್ಲ. ಆಗ ಕೇಂದ್ರದಲ್ಲಿ ಅಧಿಕಾರದಲ್ಲಿದ್ದ ಕಾಂಗ್ರೆಸ್ ಪಕ್ಷದ ಜಾಲತಾಣದ ಕಥೆಯೂ ಅದೇ. ‘ಅನಾನಿಮಸ್’ ಎಂಬ ಹೆಸರಿನ ಹ್ಯಾಕರ್‌ಗಳ ಗುಂಪು ಇದು ತನ್ನದೇ ಕೆಲಸ ಎಂದು ಹೇಳಿಕೊಂಡಿತು. ಯಾರ ಖಾತೆಯಿಂದಲೂ ದುಡ್ಡು ಹೋಗಲಿಲ್ಲ. ಅವರ ಉದ್ದೇಶ ಅದಾಗಿರಲೂ ಇಲ್ಲ. ಇಂಟರ್ನೆಟ್ ಮೇಲೆ ಹೇರಿದ ನಿರ್ಬಂಧಗಳನ್ನು ವಿರೋಧಿಸಿ ನಡೆದ ದಾಳಿ ಅದು. ಹೀಗೆ ಪ್ರತಿಭಟನೆಗಾಗಿ ಹ್ಯಾಕಿಂಗ್ ಮಾಡುವವರನ್ನು ‘ಹ್ಯಾಕ್ಟಿವಿಸ್ಟ್’ ಎನ್ನುತ್ತಾರೆ.

ಕಂಪ್ಯೂಟರ್ ಓದುವ ನಮ್ಮಂಥವರಿಗೆ ಈ ಕಥೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮುಖವಾಡ, ಕತ್ತಲ ಕೋಣೆ, ಕೀಲಿಮಣೆ ಕುಟ್ಟಿ ಸರ್ಕಾರವನ್ನೇ ಅಲುಗಾಡಿಸುವ ಹುಡುಗ! ಸಿನಿಮಾಕ್ಕೆ ಹೇಳಿ ಮಾಡಿಸಿದ ಸರಕು. ಆದರೆ ಆ ದಾಳಿಯಿಂದ ನಿಜಕ್ಕೂ ಏನಾಯಿತು, ನಿರ್ಬಂಧ ಸಡಿಲಗೊಂಡದ್ದು ಹೇಗೆ ಎಂದು ಬೆನ್ನು ಹತ್ತಿದರೆ ಬೇರೆಯದೇ ಕಥೆ ಸಿಗುತ್ತದೆ.

ಮೊದಲು ಅವರ ಸಿಟ್ಟಿಗೆ ಕಾರಣ ನೋಡೋಣ. ‘ಕೊಲವೆರಿ’ ಹಾಡಿನಿಂದ ಹೆಸರಾದ ತಮಿಳು ಚಿತ್ರ ‘3’ ನಿಮಗೆ ನೆನಪಿರಬಹುದು. ಅದರ ಕಳ್ಳ ಪ್ರತಿಗಳು ಇಂಟರ್ನೆಟ್‌ನಲ್ಲಿ ಹರಡದಂತೆ ತಡೆಯಲು 2012ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್‌ನಿಂದ ತಡೆಯಾಜ್ಞೆ ತರಲಾಯಿತು. ಇಂಟರ್ನೆಟ್ ಸೇವೆ ಕೊಡುವ ಕಂಪನಿಗಳು ಕಳ್ಳ ಪ್ರತಿ ಇದ್ದ ಪುಟಗಳನ್ನಷ್ಟೇ ತಡೆಯುವ ಗೋಜಿಗೆ ಹೋಗಲಿಲ್ಲ. ವಿಮಿಯೊದಂಥ ಜಾಲತಾಣಗಳನ್ನೇ ಇಡಿಯಾಗಿ ಮುಚ್ಚಿದವು. ತಾವೇ ತೆಗೆದ ಕಿರುಚಿತ್ರವನ್ನು ವಿಮಿಯೊದಲ್ಲಿ ಹಾಕಿದ್ದವರಿಗೂ ಅದರ ಬಿಸಿ ತಟ್ಟಿತು. ಒಂದು ಮನೆಯಲ್ಲಿ ಕಳ್ಳಮಾಲು ಇದೆಯೆಂದು ಇಡೀ ಓಣಿಗೆ ಬೀಗ ಜಡಿದಂತಾಯಿತು. ಹೀಗಾಗಿ ಸಿಟ್ಟು ನ್ಯಾಯವಾದದ್ದೇ. ಅದರಲ್ಲಿ ನನಗೆ ಅನುಮಾನವಿಲ್ಲ.

ಪ್ರಶ್ನೆ ಇರುವುದು ಆ ಸಿಟ್ಟನ್ನು ತೀರಿಸಿಕೊಂಡ ಬಗೆಯಲ್ಲಿ. ಅಂದು ಬಳಸಿದ್ದು ‘ಡಿಡಾಸ್’ ಎಂಬ ದಾಳಿ. ಸರ್ವರ್‌ನ ಬೀಗ ಒಡೆದು ಒಳಗೆ ನುಗ್ಗುವ ಕೆಲಸ ಇದರಲ್ಲಿಲ್ಲ. ನೂರಾರು, ಸಾವಿರಾರು ಕಂಪ್ಯೂಟರ್‌ಗಳಿಂದ ಒಂದೇ ಸಲಕ್ಕೆ ಕೋರಿಕೆಗಳನ್ನು ಕಳಿಸುತ್ತಾರೆ. ಯಾವುದಕ್ಕೂ ಉತ್ತರಿಸಲಾಗದೆ ಸರ್ವರ್ ಕುಸಿಯುತ್ತದೆ. 2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ರಾಜ್ಯದ ಎಲ್ಲೆಡೆ ಸರ್ವರ್ ಸಮಸ್ಯೆಯ ಸುದ್ದಿ ಇತ್ತಲ್ಲ? ಅಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ, ಎಲ್ಲರೂ ಒಮ್ಮೆಲೇ ಬಂದರು ಅಷ್ಟೆ. ಡಿಡಾಸ್ ಎಂದರೆ ಅಂಥ ನೂಕುನುಗ್ಗಲನ್ನು ಬೇಕೆಂದೇ ಸೃಷ್ಟಿಸುವುದು. ಬಾಗಿಲಲ್ಲಿ ಸುಳ್ಳು ಗಿರಾಕಿಗಳು ತುಂಬಿಕೊಂಡರೆ ನಿಜವಾದ ಗಿರಾಕಿ ಹೊರಗೇ ಉಳಿಯುತ್ತಾನೆ.

ಆ ನಿಜವಾದ ಗಿರಾಕಿ ಯಾರು? ಭೀಮಾ ತೀರದ ನಮ್ಮ ದೇವಣಗಾಂವದಲ್ಲಿ ನಿಂತು ನೋಡಿದರೆ ಉತ್ತರ ಬೇಗ ಸಿಗುತ್ತದೆ. ಬೆಳೆ ಸಾಲಕ್ಕೆ ಉತಾರ ಬೇಕು, ಅದು ಭೂಮಿ ತಂತ್ರಾಂಶದಿಂದ ಬರಬೇಕು. ಜಾತಿ–ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ರೇಷನ್ ಕಾರ್ಡ್ ತಿದ್ದುಪಡಿ ಎಲ್ಲವೂ ಆನ್‌ಲೈನ್. ಹೊಳಿ ಬಂದು ತೊಗರಿ, ಕಬ್ಬು ನೀರುಪಾಲಾದರೆ ಪರಿಹಾರದ ಲೆಕ್ಕವೂ ಕಂಪ್ಯೂಟರ್‌ಗೇ ಏರಬೇಕು. ಇಲ್ಲಿ ‘ಸರ್ವರ್’ ಎಂಬುದು ಎಂಜಿನಿಯರಿಂಗ್ ಪದವಾಗಿ ಉಳಿದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ‘ಸರ್ವರ್ ಇಲ್ಲಂತಪಾ, ನಾಳಿಗಿ ಬಾ ಅಂದ್ರು’ ಎನ್ನುತ್ತಾಳೆ. ಆ ‘ನಾಳಿಗಿ’ ಎಂಬ ಮಾತಿಗೆ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜ್ ಹೋಗಿರುತ್ತದೆ.

ದೆಹಲಿಯಲ್ಲಿ ಕುಳಿತು ತಡೆ ಆದೇಶಕ್ಕೆ ಸಹಿ ಹಾಕುವ ಅಧಿಕಾರಿಗೆ ಜಾಲತಾಣ ನಾಲ್ಕು ತಾಸು ನಿಂತರೆ ಏನೂ ಆಗದು. ಅವರ ಕಡತ ಅವರ ಮೇಜಿನ ಮೇಲೇ ಇರುತ್ತದೆ. ಅರ್ಜಿಯ ಕೊನೆಯ ದಿನ ಪರದೆಯ ಮುಂದೆ ಕುಳಿತ ಉದ್ಯೋಗಾಕಾಂಕ್ಷಿಗೆ ಮಾತ್ರ ಒಂದು ವರ್ಷವೇ ಕೈತಪ್ಪಬಹುದು. 2012ರಲ್ಲಿ ಸರ್ಕಾರಿ ಜಾಲತಾಣವನ್ನು ಕೆಡವುವುದು ಹೆಚ್ಚಾಗಿ ಸಾಂಕೇತಿಕವಾಗಿತ್ತು ಎಂದು ವಾದಿಸಬಹುದಿತ್ತೇನೋ. ಬದುಕಿನ ಅರ್ಧ ಕೆಲಸ ಅದೇ ಕಿಟಕಿಯಲ್ಲಿ ನಡೆಯುವ ಇಂದಿನ ದಿನಗಳಲ್ಲಿ ಆ ವಾದ ನಿಲ್ಲುವುದಿಲ್ಲ.

ಇನ್ನು ಮುಚ್ಚಿದ ಓಣಿಯ ಬೀಗ ತೆಗೆದವರು ಯಾರು? ಇಂಟರ್ನೆಟ್ ಸೇವಾ ಕಂಪನಿಗಳು ಅದೇ ಹೈಕೋರ್ಟ್‌ಗೆ ಹೋಗಿ ಸ್ಪಷ್ಟನೆ ಕೇಳಿದವು. ಅಕ್ರಮ ಪ್ರತಿ ಇರುವ ನಿರ್ದಿಷ್ಟ ಪುಟಕ್ಕೆ ಮಾತ್ರ ತಡೆ ಅನ್ವಯಿಸುತ್ತದೆ, ಇಡೀ ಜಾಲತಾಣಕ್ಕಲ್ಲ ಎಂದು ನ್ಯಾಯಾಲಯ 2012ರ ಜೂನ್‌ನಲ್ಲಿ ಸ್ಪಷ್ಟಪಡಿಸಿತು. ಒಂದು ವಾಕ್ಯದ ಸ್ಪಷ್ಟನೆ ಮಾಡಿದ ಕೆಲಸ ಅದು.

ಹ್ಯಾಕ್ಟಿವಿಸ್ಟ್‌ಗಳಿಗೆ ಸಲ್ಲಬೇಕಾದ ಪಾಲನ್ನು ಕೊಡದಿದ್ದರೂ ತಪ್ಪಾಗುತ್ತದೆ. ಅವರ ಗದ್ದಲದಿಂದಾಗಿ ತಡೆಯ ವಿಷಯ ಪತ್ರಿಕೆಗಳ ಪುಟಕ್ಕೆ ಬಂತು. ಅದೇ ಜೂನ್ 9ರಂದು ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಯುವಜನ ಗೈ ಫಾಕ್ಸ್ ಮುಖವಾಡ ಹಾಕಿಕೊಂಡು ಬೀದಿಗಿಳಿದರು. ಬೀದಿಯಲ್ಲಿ ನಿಂತು ಘೋಷಣೆ ಕೂಗುವುದು ನಮ್ಮ ಹಕ್ಕು. ಅದರಿಂದ ಯಾರ ಉತಾರವೂ ನಿಲ್ಲುವುದಿಲ್ಲ. ಸರ್ವರ್ ಕೆಡವುವುದಕ್ಕೂ ಬೀದಿಗಿಳಿಯುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಬಾಳ ಠಾಕ್ರೆ ನಿಧನದ ನಂತರದ ಮುಂಬೈ ಬಂದ್ ಕುರಿತು ಫೇಸ್‌ಬುಕ್‌ನಲ್ಲಿ ಬರೆದಿದ್ದಕ್ಕೆ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ಯುವತಿಯನ್ನು, ಅದಕ್ಕೆ ಲೈಕ್ ಒತ್ತಿದ್ದಕ್ಕೆ ಅವಳ ಗೆಳತಿಯನ್ನು ಬಂಧಿಸಲಾಯಿತು. ಇದನ್ನು ಓದಿದ ಶ್ರೇಯಾ ಸಿಂಘಾಲ್ ಎಂಬ ತರುಣಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಆಗ ಅವರ ವಯಸ್ಸು ಇಪ್ಪತ್ತರ ಆಸುಪಾಸು, ಅಂದರೆ ಹೆಚ್ಚುಕಡಿಮೆ ನಮ್ಮ ವಯಸ್ಸು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂಬುದು ಅವರ ವಾದ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಂ ಅನ್ನೇ ರದ್ದುಪಡಿಸಿತು. ಮೇ ತಿಂಗಳ ದಾಳಿ ಮುಗಿದು ಕೆಲ ಹೊತ್ತಿಗೆಲ್ಲ ಸುಪ್ರೀಂ ಕೋರ್ಟ್‌ನ ಜಾಲತಾಣ ಮೊದಲಿನಂತೆ ತೆರೆಯಿತು. ಹೆಸರು ಬರೆದು ಸಲ್ಲಿಸಿದ ಆ ಅರ್ಜಿ ಮಾತ್ರ ಕಾನೂನನ್ನೇ ಬದಲಿಸಿತು.

ನ್ಯಾಯಾಲಯಕ್ಕೆ ಹೋದವರೆಲ್ಲ ಗೆಲ್ಲುತ್ತಾರೆ ಎಂದೇನಿಲ್ಲ. ಅದೇ ತೀರ್ಪು ಜಾಲತಾಣಗಳನ್ನು ತಡೆಯಲು ಸರ್ಕಾರಕ್ಕೆ ಅಧಿಕಾರ ಕೊಡುವ 69ಎ ಕಲಂ ಅನ್ನು ಎತ್ತಿಹಿಡಿಯಿತು. ಆ ಕಲಂ ಅಡಿಯ ಆದೇಶಗಳನ್ನು ಗೋಪ್ಯವಾಗಿಡಬೇಕೆಂಬ ನಿಯಮ ಇಂದಿಗೂ ಇದೆ. ತಡೆ ಆದೇಶಗಳನ್ನು ಪ್ರಶ್ನಿಸಿ ಬಂದ ಟ್ವಿಟರ್‌ಗೆ ನಮ್ಮ ಕರ್ನಾಟಕ ಹೈಕೋರ್ಟ್ 2023ರ ಜೂನ್‌ನಲ್ಲಿ 50 ಲಕ್ಷ ರೂಪಾಯಿ ದಂಡ ಹಾಕಿತು. ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಅದೇ ಕಂಪನಿ ‘ಸಹಯೋಗ್’ ಪೋರ್ಟಲ್ ವಿರುದ್ಧ ಸಲ್ಲಿಸಿದ ಅರ್ಜಿಯೂ 2025ರ ಸೆಪ್ಟೆಂಬರ್‌ನಲ್ಲಿ ವಜಾ ಆಯಿತು. ದಾರಿ ಉದ್ದ ಇದೆ, ಸೋಲೂ ಇದೆ. ಆದರೆ ಸೋತ ತೀರ್ಪಿನಲ್ಲೂ ಕಾರಣಗಳು ಬರಹದಲ್ಲಿರುತ್ತವೆ. ಅವನ್ನು ನಾಳೆ ಮತ್ತೊಬ್ಬರು ಓದಬಹುದು, ಪ್ರಶ್ನಿಸಬಹುದು, ಮೇಲ್ಮನವಿ ಹಾಕಬಹುದು. ಕುಸಿದ ಸರ್ವರ್ ಯಾವ ಕಾರಣವನ್ನೂ ಬರೆದಿಡುವುದಿಲ್ಲ.

ಇದೆಲ್ಲ ದೊಡ್ಡವರ ವಿಷಯ, ನಮಗೇಕೆ ಎನ್ನಬೇಡಿ. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಲಾಗಿತ್ತು. 2021ರ ಸೆಪ್ಟೆಂಬರ್ 26ರಂದು ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ನಕಲು ತಡೆಯಲೆಂದು ರಾಜಸ್ಥಾನದ ಹಲವು ಜಿಲ್ಲೆಗಳಲ್ಲಿ ಹೀಗೇ ಮಾಡಲಾಯಿತು. ಇಂಟರ್ನೆಟ್ ಸ್ಥಗಿತದ ಆದೇಶವನ್ನು ಸರ್ಕಾರ ಪ್ರಕಟಿಸಲೇಬೇಕು, ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ ಎಂದು ಅನುರಾಧಾ ಭಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಹೇಳಿದೆ. ಮುಂದೆ ನಮ್ಮಲ್ಲೂ ನೆಟ್ ನಿಂತರೆ ನಾವು ಕೇಳಬೇಕಾದ ಮೊದಲ ಪ್ರಶ್ನೆ ಸುಲಭವಾದದ್ದು: ಆದೇಶದ ಪ್ರತಿ ಎಲ್ಲಿದೆ? ಅದರಲ್ಲಿ ಕಾರಣ ಏನು ಬರೆದಿದ್ದಾರೆ? ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ. ಅದರ ಶುಲ್ಕ 10 ರೂಪಾಯಿ.

ಇನ್ನು ಕೈ ತುರಿಸುವ ಗೆಳೆಯರಿಗೊಂದು ಮಾತು. ‘ಈ ಟೂಲ್ ಹಾಕ್ಕೋ, ಒಂದು ಬಟನ್ ಒತ್ತು, ಯಾರಿಗೂ ಗೊತ್ತಾಗಲ್ಲ’ ಎನ್ನುವವರು ಟೆಲಿಗ್ರಾಂ ಗುಂಪುಗಳಲ್ಲಿ ಸಿಗುತ್ತಾರೆ. ಅನಾನಿಮಸ್ ಬೆಂಬಲಿಗರು ಬಳಸುತ್ತಿದ್ದ ‘ಲೋಯಿಕ್’ ಎಂಬ ಟೂಲ್ ಬಳಸಿದವನ ಐಪಿ ವಿಳಾಸವನ್ನು ಮರೆಮಾಡುತ್ತಲೇ ಇರಲಿಲ್ಲ. 2010ರಲ್ಲಿ ಪೇಪಾಲ್ ಮುಂತಾದ ಕಂಪನಿಗಳ ಮೇಲೆ ನಡೆದ ಇಂಥದೇ ದಾಳಿಗಳಿಗಾಗಿ ಬ್ರಿಟನ್‌ನ ಒಬ್ಬ ವಿದ್ಯಾರ್ಥಿಗೆ 2013ರಲ್ಲಿ 18 ತಿಂಗಳ ಜೈಲಾಯಿತು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂ ಪ್ರಕಾರ ಇದಕ್ಕೆ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನೌಕರಿ ಸಿಕ್ಕರೂ ಪೊಲೀಸ್ ಪರಿಶೀಲನೆಯಲ್ಲಿ ಆ ಪ್ರಕರಣ ಎದುರು ಬಂದು ನಿಲ್ಲುತ್ತದೆ. ಗುಂಪಿನಲ್ಲಿ ಲಿಂಕ್ ಕಳಿಸಿದವನು ಆಗ ಜಾಮೀನಿಗೆ ಬರುವುದಿಲ್ಲ.

ಕಲಿತ ವಿದ್ಯೆಯನ್ನು ಬಳಸಲೇಬೇಕೆಂಬ ಹಂಬಲವಿದ್ದರೆ ದಾರಿಗಳಿವೆ. ಸರ್ಕಾರಿ ಜಾಲತಾಣದಲ್ಲಿ ದೋಷ ಕಣ್ಣಿಗೆ ಬಿದ್ದರೆ ಕೇಂದ್ರದ ‘ಸರ್ಟ್–ಇನ್’ ಸಂಸ್ಥೆಗೆ ತಿಳಿಸಬಹುದು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿಯವರು ಒಂದು ಮಾದರಿ ಹಾಕಿಕೊಟ್ಟಿದ್ದಾರೆ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಜನ ಬೆಂಗಳೂರಿನಿಂದ ರೈಲು ಹತ್ತಿದಾಗ ಸರ್ಕಾರ ಮುನ್ನೂರಕ್ಕೂ ಹೆಚ್ಚು ಪುಟ, ಖಾತೆಗಳನ್ನು ತಡೆದಿತ್ತು. ಈ ಸಂಸ್ಥೆಯವರು ಯಾರ ಸರ್ವರ್‌ಗೂ ಕೈ ಹಾಕಲಿಲ್ಲ. ತಡೆದವುಗಳ ಪಟ್ಟಿ ಹಿಡಿದು ಕುಳಿತು, ವದಂತಿಯನ್ನು ಸುಳ್ಳೆಂದು ತೋರಿಸುತ್ತಿದ್ದ ಪುಟಗಳೂ ಅದರಲ್ಲಿ ಸೇರಿವೆ ಎಂಬುದನ್ನು ಬೆಳಕಿಗೆ ತಂದರು.

ಸರ್ಕಾರ ಬಾಗಿಲು ಮುಚ್ಚಿದಾಗ ಬಡಿಯಬೇಕು, ಗಟ್ಟಿಯಾಗಿಯೇ ಬಡಿಯಬೇಕು. ಆದರೆ ಅದೇ ಬಾಗಿಲ ಮುಂದೆ ಉತಾರಕ್ಕೆಂದು ಸಾಲು ನಿಂತವರನ್ನು ತುಳಿದುಕೊಂಡು ಹೋಗಿ ಬಡಿಯುವುದು ಹೋರಾಟವಲ್ಲ. ಅವರ ಜೊತೆ ಸಾಲಿನಲ್ಲಿ ನಿಂತು, ನಮ್ಮ ಹೆಸರು ಹೇಳಿ ಕೇಳೋಣ.